ಏಳನೆಯ ಕಾಲಮ್ಮಿನ ದೀರ್ಘ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳಾದರೂ ತಪ್ಪಿರುತ್ತವೆ. ನಾವು ಕೆಲಸ ಮಾಡುತ್ತಿದ್ದ ಕೋಣೆಯ ಗೋಡೆಗೆ ಹಳದಿ ಬಣ್ಣವಿತ್ತು ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಬಂದಿದ್ದೆ. ಮೊನ್ನೆ ಹಳೆಯ ಫೋಟೊ ಒಂದು ಸಿಕ್ಕಿತು, ಗೋಡೆ ಹಸಿರು. ಮೂವತ್ತು ವರ್ಷಕ್ಕೂ ಮೇಲೆ ದಿನಚರಿ ಬರೆದವಳು ನಾನು. ಆದರೆ ಅದರಲ್ಲಿರುವುದು ಹೆಚ್ಚಾಗಿ ಬಸ್ಸು ಎಷ್ಟು ತಡವಾಯಿತು, ಬುತ್ತಿಗೆ ಯಾವ ಪಲ್ಯವಿತ್ತು ಎಂಬ ಸಂಗತಿಗಳೇ. ಮುಖ್ಯವಾದದ್ದು ನಡೆಯುವ ದಿನ ಅದು ಮುಖ್ಯವೆಂದು ತಿಳಿದಿರುವುದಿಲ್ಲವಲ್ಲ. ಆದ್ದರಿಂದ ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದುವಾಗ, ನಾನು ತುಂಬ ಖಚಿತವಾಗಿ ಹೇಳುವ ಕಡೆ ತುಸು ಅನುಮಾನ ಪಡಬೇಕು.

ಕೆಲಸ ಯಾವುದೆಂದು ಮೊದಲು ಹೇಳುತ್ತೇನೆ. ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಕಲಿಸಿಕೊಂಡಿದ್ದೆ. ನಿವೃತ್ತಿಗೆ ಮೂರು ನಾಲ್ಕು ವರ್ಷವಿದ್ದಾಗ ನನ್ನನ್ನು ‘ಪೂರ್ವ ಕಲಿಕೆ ಮಾನ್ಯತಾ ಘಟಕ’ದ ಸಂಚಾಲಕಿಯನ್ನಾಗಿ ಮಾಡಿದರು. ಮನುಷ್ಯ ಕಾಲೇಜಿನ ಒಳಗೆ ಮಾತ್ರ ಕಲಿಯುವುದಿಲ್ಲ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಅಡುಗೆಮನೆಯಲ್ಲಿ ಕಲಿತದ್ದನ್ನೂ ಅಳೆದು ನೋಡಿ ಅದಕ್ಕೆ ತಕ್ಕಷ್ಟು ಕ್ರೆಡಿಟ್ ಕೊಡಬೇಕು, ಸಾಕಷ್ಟು ಕ್ರೆಡಿಟ್ ಕೂಡಿದರೆ ಡಿಪ್ಲೊಮಾವನ್ನೇ ಕೊಡಬೇಕು ಎಂಬುದು ಯೋಜನೆ. ಒಳ್ಳೆಯ ಯೋಜನೆ. ಈಗಲೂ ಹಾಗೆಯೇ ಅನ್ನುತ್ತೇನೆ.

ಪ್ರಿನ್ಸಿಪಾಲರು ಸುತ್ತೋಲೆಯನ್ನು ಓದಿ, ನಮಗೆ ಕಟ್ಟಡದ ಪೂರ್ವದ ತುದಿಯ ಕೋಣೆಯನ್ನು ಕೊಟ್ಟರು. ಅದು ಕ್ರೀಡಾ ಸಾಮಗ್ರಿಯ ಉಗ್ರಾಣ.

“ಮೇಡಂ, ಪೂರ್ವ ಕಲಿಕೆ ಅಂದಮ್ಯಾಲೆ ಪೂರ್ವ ದಿಕ್ಕಿನ ಖೋಲಿನ ಬೇಕಲ್ರಿ. ವಾಸ್ತು ಪ್ರಕಾರನೂ ಛಲೋ.”

“ಸರ್, ಇಲ್ಲಿ ಪೂರ್ವ ಅಂದ್ರ ಮೊದಲಿನದು ಅಂತ ರೀ.”

“ಸೂರ್ಯ ಮೊದಲ ಹುಟ್ಟೂದು ಎಲ್ಲಿ ಹೇಳ್ರಿ ಮತ್ತ?”

ಬೀಗದ ಕೈ ಇಸಿದುಕೊಂಡು ಬಂದೆ. ಮುಂದಿನ ಮೂರು ವರ್ಷ ನಮ್ಮ ಅರ್ಜಿದಾರರೆಲ್ಲ ಭರ್ಚಿಗಳ ಕಟ್ಟಿಗೂ ಎತ್ತರ ಜಿಗಿತದ ಕಂಬಗಳಿಗೂ ನಡುವೆ ಕುಳಿತೇ ಸಂದರ್ಶನ ಕೊಟ್ಟರು. ಸಾರವಾಡದ ಒಬ್ಬರು ಒಳಗೆ ಬಂದವರೇ ಗೋಡೆಗೆ ಒರಗಿಸಿದ್ದ ಭರ್ಚಿಯನ್ನು ನೋಡಿ, “ಇದನ್ನ ಒಗದ ತೋರಸಬೇಕೇನ್ರಿ? ನನ್ನ ಭುಜ ನೋಯತೈತಿ” ಎಂದಿದ್ದರು.

ಘಟಕದಲ್ಲಿದ್ದವರು ಇಬ್ಬರೇ: ನಾನು ಮತ್ತು ಗುಮಾಸ್ತ ಈರಣ್ಣ. ಈರಣ್ಣ ಟೈಪು ಮಾಡುತ್ತಿದ್ದ, ಅರ್ಜಿ ವಿಂಗಡಿಸುತ್ತಿದ್ದ, ಸೀಲು ಒತ್ತುತ್ತಿದ್ದ, ಭರ್ಚಿಗಳು ಬೀಳದಂತೆ ನೋಡಿಕೊಳ್ಳುತ್ತಿದ್ದ.

ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಪ್ರಶ್ನೆ ಕೇಳುವುದನ್ನು. ನನಗದು ಬಬಲೇಶ್ವರದಲ್ಲಿ ನಡೆಸಿದ ಶಿಬಿರದಲ್ಲಿ ಗೊತ್ತಾಯಿತು. ಮದುವೆಗಳಿಗೆ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ನಿಮಗೆ ಏನೇನು ಬರುತ್ತದೆ ಎಂದು ಕೇಳಿದೆ.

“ಏನೂ ಬರಂಗಿಲ್ರಿ.”

“ಮೊನ್ನೆ ಎಷ್ಟ ಮಂದಿಗೆ ಅಡಗಿ ಮಾಡಿದ್ರಿ?”

“ಎಂಟನೂರ ಮಂದಿಗ್ರಿ.”

“ಅಷ್ಟ ಮಂದಿಗೆ ಎಷ್ಟ ಬ್ಯಾಳಿ, ಎಷ್ಟ ಅಕ್ಕಿ?”

ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು. ಮಳೆಗಾಲದಲ್ಲಿ ಹೀಗೆ, ಬೇಸಿಗೆಯಲ್ಲಿ ಹೀಗೆ, ಬೀಗರು ಹೊಟ್ಟೆಬಾಕರಾದರೆ ಹೀಗೆ.

“ಇದನ್ನೆಲ್ಲ ಎಲ್ಲಿ ಕಲತ್ರಿ?”

“ಕಲತಿಲ್ರಿ,” ಎಂದು ಗಾಬರಿಯಾಗಿ ಹೇಳಿದಳು. “ಬರೇ ಮಾಡೇನ್ರಿ.”

ನೆನಪಿಡಿ. ಏನು ಬರುತ್ತದೆ ಎಂದು ಯಾರನ್ನೂ ಕೇಳಬೇಡಿ. ಮುಂಜಾನೆ ಎದ್ದವರು ಮೊದಲು ಏನು ಮಾಡುತ್ತೀರಿ ಎಂದು ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.

ಇನ್ನು ಕಸ್ತೂರಿಯ ವಿಷಯ. ಕಸ್ತೂರಿ ನನ್ನ ತಂಗಿ, ತಿಕೋಟಾದಲ್ಲಿ ಇರುತ್ತಾಳೆ. ನಮ್ಮ ಘಟಕಕ್ಕೆ ಅರ್ಜಿ ಹಾಕಿದ ವರ್ಷಕ್ಕೆ ಅವಳು ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತು ಇಪ್ಪತ್ತೆರಡು ವರ್ಷವಾಗಿತ್ತು. ಹಣ್ಣು ದ್ರಾವಣದಲ್ಲಿ ಎಷ್ಟು ಹೊತ್ತು ಅದ್ದಬೇಕು, ಯಾವ ಅಂತಸ್ತಿನ ಜಾಳಿಗೆಯ ಮೇಲೆ ಹರಡಬೇಕು, ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ಪರದೆ ಇಳಿಸಬೇಕು ಎಂಬುದು ಅವಳಿಗೆ ಗೊತ್ತಿದ್ದಷ್ಟು ಆ ಸುತ್ತಿನಲ್ಲಿ ಬೇರೆಯವರಿಗೆ ಗೊತ್ತಿಲ್ಲ. ಹೊಸದಾಗಿ ಕೆಲಸಕ್ಕೆ ಬರುವ ಹೆಂಗಸರನ್ನು ತಯಾರು ಮಾಡುವವಳೂ ಅವಳೇ.

ಆ ವರ್ಷ ನಮ್ಮ ಕಾಲೇಜು ತಿಕೋಟಾದಲ್ಲಿ ದ್ರಾಕ್ಷಿ ಸಂಸ್ಕರಣೆಯ ತರಬೇತಿ ಶುರು ಮಾಡುವುದಿತ್ತು. ಒಬ್ಬ ಬೋಧಕಿ ಬೇಕಾಗಿತ್ತು. ಬೋಧಕಿಗೆ ಡಿಪ್ಲೊಮಾ ಇರಲೇಬೇಕು ಎಂಬುದು ನಿಯಮ. ಕಸ್ತೂರಿ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಪೂರ್ವ ಕಲಿಕೆಗೆ ಕ್ರೆಡಿಟ್ ಸಿಕ್ಕರೆ ಡಿಪ್ಲೊಮಾ ಸಿಗುತ್ತದೆ, ಡಿಪ್ಲೊಮಾ ಸಿಕ್ಕರೆ ಆ ಜಾಗ ಅವಳದೇ. ಬೇರೆ ಯಾರಿಗೆ ಸಿಕ್ಕೀತು ಎಂಬುದು ನಮ್ಮ ಲೆಕ್ಕ.

“ಟೀಚರ್ ಅನಿಸ್ಕೋಬೇಕಕ್ಕಾ,” ಎಂದಿದ್ದಳು. “ಇಷ್ಟ ವರ್ಷ ಕಲಸೇನಿ, ಒಬ್ಬರೂ ಟೀಚರ್ ಅಂದಿಲ್ಲ. ಏ ಕಸ್ತೂರಿ ಅಂತಾರ.”

ನಾವಿಬ್ಬರೂ ಎಸ್ಸೆಸ್ಸೆಲ್ಸಿ ಪಾಸಾದವರೇ. ಮುಂದೆ ಓದಲು ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ಸೋದರಮಾವನ ಮನೆಯಿತ್ತು. ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಜಾಗ. ನಾನು ದೊಡ್ಡವಳು, ನಾನು ಹೋದೆ. ತನ್ನ ಅಂಕಗಳು ನನ್ನವಕ್ಕಿಂತ ಹೆಚ್ಚಿದ್ದವು ಎಂದು ಕಸ್ತೂರಿ ಹೇಳುತ್ತಾಳೆ. ನನಗೆ ನೆನಪಿಲ್ಲ. ನೆನಪಿಲ್ಲದಿರುವುದರಿಂದ ನನಗೆ ಅನುಕೂಲವೇ ಆಗಿದೆ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಅವಳು ಅರ್ಜಿ ಹಾಕುತ್ತಾಳೆಂದು ಗೊತ್ತಾದ ಕೂಡಲೆ ನಾನು ಪ್ರಿನ್ಸಿಪಾಲರಿಗೆ ಪತ್ರ ಬರೆದೆ. ಅರ್ಜಿದಾರರಲ್ಲಿ ನನ್ನ ಸ್ವಂತ ತಂಗಿ ಇರುವುದರಿಂದ ತಿಕೋಟಾದ ಅರ್ಜಿಗಳ ಕಟ್ಟನ್ನು ನಾನು ಮುಟ್ಟುವುದಿಲ್ಲ, ಆ ಕುರಿತು ಯಾರೊಂದಿಗೂ ಮಾತಾಡುವುದಿಲ್ಲ ಎಂದು. ಪ್ರಿನ್ಸಿಪಾಲರು ಅದನ್ನು ಸಿಬ್ಬಂದಿ ಸಭೆಯಲ್ಲಿ ಓದಿದರು. ಇಂಥವರು ಈಗಿನ ಕಾಲದಲ್ಲಿ ಸಿಗುವುದಿಲ್ಲ ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಅಂದು ನನಗೆ ತುಂಬ ಸಂತೋಷವಾಗಿತ್ತು. ದಿನಚರಿಯಲ್ಲಿ ಅರ್ಧ ಪುಟ ಬರೆದುಕೊಂಡಿದ್ದೇನೆ.

ಅರ್ಜಿಯ ನಮೂನೆಯನ್ನು ನಾನೇ ತಯಾರಿಸಿದ್ದು. ಹತ್ತು ಕಾಲಮ್ಮುಗಳಿದ್ದವು. ಏಳನೆಯದು ಎಲ್ಲಕ್ಕಿಂತ ಮುಖ್ಯ: ಅರ್ಜಿದಾರರಿಗೆ ಈ ಕ್ಷೇತ್ರದಲ್ಲಿ ಅನುಭವ ಇದೆಯೇ? ಇದ್ದರೆ ಎಷ್ಟು, ಎಲ್ಲಿ, ಯಾರ ಮಾರ್ಗದರ್ಶನದಲ್ಲಿ?

ಈರಣ್ಣ ಟೈಪು ಮಾಡಿ ತಂದ ಕರಡಿನಲ್ಲಿ ‘ಅನುಬವ’ ಎಂದಿತ್ತು. ಬಕಾರಕ್ಕೆ ಮಹಾಪ್ರಾಣ ಬೇಕೆಂದು ನಾನು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟೆ. ಅಚ್ಚಾಗಿ ಬಂತು. ನಾನು ನೋಡಿದೆ, ಹಂಚಿದೆವು.

ಸುಮಾರು ಒಂದೂವರೆ ತಿಂಗಳ ನಂತರ ಮಮದಾಪುರದ ಬೀರಪ್ಪ ಸಂದರ್ಶನಕ್ಕೆ ಬಂದ. ಕುರಿ ಕಾಯುವವನು, ಐವತ್ತರ ಆಸುಪಾಸು. ಸಂದರ್ಶನದ ಪತ್ರದಲ್ಲಿ ನಾವು ಎಲ್ಲರಿಗೂ ಒಂದು ವಾಕ್ಯ ಬರೆಯುತ್ತಿದ್ದೆವು: ತಮ್ಮ ಕೆಲಸಕ್ಕೆ ಸಂಬಂಧಿಸಿದ ಪುರಾವೆಯನ್ನು ಮೂಲಪ್ರತಿಯೊಂದಿಗೆ ಹಾಜರುಪಡಿಸತಕ್ಕದ್ದು. ಬೀರಪ್ಪ ಒಂದು ಕುರಿ ತಂದಿದ್ದ. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ತಂದಿದ್ದ.

“ಮೂಲ ಬೇಕಂತ ಬರದಿದ್ರಲ್ರಿ,” ಎಂದ. “ಝೆರಾಕ್ಸ್ ನಡಿಯಂಗಿಲ್ಲ ಅಂದ್ರ ನಮ್ಮೂರ ಮಾಸ್ತರ್ರು.”

ಕುರಿ ಒಳಗೆ ಬಂದು ಜಿಗಿತದ ಹಾಸಿಗೆಯ ಮೇಲೆ ನಿಂತಿತು. ಈರಣ್ಣ ಹಾಜರಿ ಪುಸ್ತಕ ಹಿಡಿದುಕೊಂಡು, ಇದನ್ನು ಹೇಗೆ ನಮೂದಿಸಬೇಕೆಂದು ಕೇಳಿದ. ‘ಪುರಾವೆ ಪರಿಶೀಲಿಸಲಾಯಿತು’ ಎಂದು ಬರೆ ಎಂದೆ. ಆಮೇಲೆ ಬೀರಪ್ಪನ ಅರ್ಜಿ ಬಿಡಿಸಿದೆ. ಏಳನೆಯ ಕಾಲಮ್ಮಿನಲ್ಲಿ ಮಾಸ್ತರರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ‘ಹೌದು. ಎರಡು ಸಲ. ಒಮ್ಮೆ ಕೆರೆಯ ದಂಡೆಯಲ್ಲಿ, ಒಮ್ಮೆ ಬಸ್ಸಿನಲ್ಲಿ. ಮಾರ್ಗದರ್ಶಕರು ಯಾರೂ ಇಲ್ಲ, ತಾನಾಗಿಯೇ.’

“ಎರಡ ಸಲ ಅಂದ್ರ ಏನ ಬೀರಪ್ಪ? ನೀವು ಸಣ್ಣವರಿದ್ದಾಗಿಂದ ಕುರಿ ಕಾಯ್ತೀರಲ್ಲ?”

“ಕುರಿ ಬ್ಯಾರೆ ರೀ. ನೀವ ಕೇಳಿದ್ದು ಅದಲ್ಲಲ್ರಿ.”

“ಮತ್ತೇನ ಕೇಳೇವಿ?”

ಬೀರಪ್ಪ ಈರಣ್ಣನ ಕಡೆಗೆ ನೋಡಿದ, ಕುರಿಯ ಕಡೆಗೆ ನೋಡಿದ, ದನಿ ತಗ್ಗಿಸಿದ. “ಅದು ನಾಕ ಮಂದಿ ಮುಂದ ಹೇಳೂ ಮಾತಲ್ರಿ ಯವ್ವಾ. ಮನ್ಯಾಗೂ ಹೇಳಿಲ್ಲ ನಾ. ಸರಕಾರ ಕೇಳಾಕತ್ತೈತಿ ಅಂತ ಬರಸೇನಿ ಅಷ್ಟ.”

ನಾನು ಅರ್ಜಿಯ ಅಚ್ಚಾದ ಸಾಲನ್ನು ಮೊದಲ ಬಾರಿಗೆ ಓದುವಂತೆ ಓದಿದೆ. ‘ಅರ್ಜಿದಾರರಿಗೆ ಈ ಕ್ಷೇತ್ರದಲ್ಲಿ ಅನುಭಾವ ಇದೆಯೇ?’ ಭಕಾರದ ಮುಂದೆ ಒಂದು ದೀರ್ಘ. ಅನುಭವ ಹೋಗಿ ಅನುಭಾವ. ಕಾಲೇಜಿನ ಸೀಲು ಹಾಕಿ, ಕುರಿಗಾರರನ್ನೂ ಮೆಕ್ಯಾನಿಕ್ಕರನ್ನೂ ಅಡುಗೆಯವರನ್ನೂ ನಿಮಗೆ ದೇವರ ಸಾಕ್ಷಾತ್ಕಾರ ಆಗಿದೆಯೇ, ಆಗಿದ್ದರೆ ಎಷ್ಟು, ಯಾವ ಕ್ಷೇತ್ರದಲ್ಲಿ, ಗುರುಗಳು ಯಾರು ಎಂದು ನಾವು ಕೇಳಿದ್ದೆವು. ಪ್ರವಚನ ಕೇಳಿ ಬೆಳೆದ ಜನ ನಮ್ಮವರು. ಯಾರೂ ನಗಲಿಲ್ಲ. ತಿಳಿದಷ್ಟು ಉತ್ತರ ಬರೆದಿದ್ದರು.

“ಈರಣ್ಣ, ಇದೇನ ಇದು?”

“ನೀವ ತಿದ್ದಿ ಕೊಟ್ಟಿದ್ರಲ್ರಿ ಮೇಡಂ. ಕೆಂಪ ಪೆನ್ನಿನಾಗ ಒಂದ ಬಾಲ ಎಳದಿದ್ರಿ. ದೀರ್ಘ ಅಂತ ತಿಳಕೊಂಡೆ. ನಾ ‘ಅನುಬಾವ’ ಅಂತ ಮಾಡಿದ್ದೆ, ಮಹಾಪ್ರಾಣ ಪ್ರೆಸ್ಸಿನವರು ಹಾಕ್ಯಾರ.”

“ಅದು ಮಹಾಪ್ರಾಣದ ಗೆರಿ!”

“ಬದಿಗೆ ಹೋಗಿತ್ರಿ ಅದು.”

ನನ್ನ ನೆನಪಿನಲ್ಲಿ ಆ ಗೆರೆ ಅಕ್ಷರದ ಕೆಳಗೇ ಇದೆ. ಈರಣ್ಣನ ನೆನಪಿನಲ್ಲಿ ಬದಿಗಿದೆ. ಕರಡು ಕಳೆದುಹೋಗಿದೆ. ಅಚ್ಚಾದ ಮೇಲೆ ನೋಡಿದವಳು ನಾನೇ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಉಳಿದ ಅರ್ಜಿಗಳನ್ನು ತೆಗೆದು ಓದಿದೆವು. ಸಾರವಾಡದ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಲ್ಲಪ್ಪ ಮೂರು ಪುಟ ಹೆಚ್ಚುವರಿ ಹಾಳೆ ಲಗತ್ತಿಸಿದ್ದ. ನೇಗಿಲು ಹೊಡೆಯುವಾಗ ಇಂಜಿನ್ನಿನ ಸದ್ದು ಸಣ್ಣದಾಗುತ್ತ ಹೋಗಿ ಕೊನೆಗೆ ಓಂಕಾರ ಕೇಳಿಸಿತು ಎಂದು ಬರೆದಿದ್ದ. ಅದನ್ನು ಓದಿಯೋ ಓದದೆಯೋ, ಟ್ರ್ಯಾಕ್ಟರ್ ದುರಸ್ತಿಯಲ್ಲಿ ಅವನಿಗೆ ಆಗಲೇ ನಾಲ್ಕು ಕ್ರೆಡಿಟ್ ಮಂಜೂರಾಗಿತ್ತು. ಕೂಡಲೆ ಅವನಿಗೆ ಫೋನು ಮಾಡಿ ಕೇಳಿದೆ, ಇದು ಖರೆಯೇನು ಎಂದು.

“ಖರೆ ಅಲ್ರಿ,” ಎಂದ. “ಆದ್ರ ಕಾಲಂ ಖಾಲಿ ಬಿಡಬಾರದು ಅಂತ ಕೆಳಗ ಬರದಿದ್ರಲ್ರಿ.”

ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಇನ್ನೊಂದು ಅರ್ಜಿ ಎದ್ದು ನಿಂತಿತ್ತು. ತಿಕೋಟಾದ ಕಟ್ಟು ನಾನು ಮುಟ್ಟುವಂತಿರಲಿಲ್ಲ. ಈರಣ್ಣನಿಗೆ ಕೇಳಿದೆ.

“ಕಸ್ತೂರಿ ಅಕ್ಕಾರದು ರೀ? ಹತ್ತ ದಿನಾತಲ್ರಿ, ತಿರಸ್ಕೃತ ಪಟ್ಟಿಗೆ ಹೋಗಿ. ಏಳನೇ ಕಾಲಮ್ಮಿಗೆ ಇಲ್ಲ ಅಂತ ಬರದವರನ್ನ ಮೊದಲನೇ ಸುತ್ತಿನ್ಯಾಗ ತಗೀಬೇಕಂತ ನೀವ ನಿಯಮ ಮಾಡಿದ್ರಿ.”

“ನನಗ್ಯಾಕ ಹೇಳಲಿಲ್ಲ?”

“ತಿಕೋಟಾದ್ದು ಏನೂ ಹೇಳಬ್ಯಾಡ ಅಂತನೂ ನೀವ ಹೇಳಿದ್ರಿ.”

ಈಗ ಮುಟ್ಟಿದೆ. ಕಸ್ತೂರಿಯ ಅಕ್ಷರ ನನಗೆ ಗೊತ್ತು, ಶೆಡ್ಡಿನ ಚೀಲಗಳ ಮೇಲೆ ಬರೆದು ಬರೆದು ದಪ್ಪಗಾದ ಅಕ್ಷರ. ಉಳಿದ ಒಂಬತ್ತು ಕಾಲಮ್ಮನ್ನೂ ನೀಟಾಗಿ ತುಂಬಿದ್ದಳು. ಏಳನೆಯದರಲ್ಲಿ: ‘ಇಲ್ಲ. ಆಗಿಲ್ಲ. ಆಗುವ ಲಕ್ಷಣವೂ ಸದ್ಯ ಕಾಣುತ್ತಿಲ್ಲ.’

ಮರುದಿನವೇ, ಕ್ರೆಡಿಟ್ ಮಂಜೂರು ಮಾಡುವ ಸಮಿತಿಯ ಸಭೆ ಕರೆಸಿದೆ. ಅಚ್ಚಿನ ತಪ್ಪು ನಮ್ಮದು, ಅರ್ಜಿದಾರರದಲ್ಲ, ಎಲ್ಲ ಅರ್ಜಿಗಳನ್ನೂ ಮತ್ತೆ ನೋಡಬೇಕು ಎಂದು ವಾದಿಸಿದೆ. ಪ್ರಿನ್ಸಿಪಾಲರು ಹೌದು ಹೌದು ಎಂದರು. ಆದರೆ ಸಮಿತಿಯಲ್ಲಿ ಹಿರಿಯ ಸದಸ್ಯರೊಬ್ಬರಿದ್ದರು, ನಿಯಮಗಳಲ್ಲಿ ಪಳಗಿದವರು. ಅವರು ಕಸ್ತೂರಿಯ ಅರ್ಜಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು.

“ಇವರಿಗೆ ಇಲ್ಲ ಅಂತ ಇವರ ಸ್ವಂತ ಕೈಬರಹದಾಗ ಐತಿ. ಸಹಿ ಐತಿ. ಈಗ ಇಪ್ಪತ್ತೆರಡು ವರ್ಷದ್ದು ಐತಿ ಅಂತೀರಿ. ಎರಡ ತಿಂಗಳದಾಗ ಇಪ್ಪತ್ತೆರಡು ವರ್ಷದ್ದು ಹೆಂಗ ಬಂತ್ರಿ?”

“ಸರ್, ಅವರು ಇಲ್ಲ ಅಂದದ್ದು ಅನುಭಾವ. ಐತಿ ಅಂತಿರೋದು ಅನುಭವ.”

“ಎರಡೂ ಇದ್ದವರು ಅದಾರಲ್ರಿ. ಈ ಮಲ್ಲಪ್ಪ ನೋಡ್ರಿ.”

“ಮಲ್ಲಪ್ಪ ಸುಳ್ಳ ಬರದಾನ ಸರ್.”

“ನಿಮ್ಮ ತಂಗಿಯವರು ಖರೆ ಬರದಾರಂತ ನಿಮಗ ಹೆಂಗ ಗೊತ್ತು? ಅವರಿಗೆ ಅದು ಆಗಿರಬಹುದು, ವಿನಯದಿಂದ ಇಲ್ಲ ಅಂದಿರಬಹುದು. ದೊಡ್ಡವರು ಹಂಗ ಅಂತಾರ.”

ಸಭೆ ಇಲ್ಲಿಂದ ಬೇರೆ ದಾರಿಗೆ ಬಿತ್ತು. ನಿಜವಾದ ಅನುಭಾವಿ ತನಗೆ ಆಗಿದೆ ಎಂದು ಹೇಳಿಕೊಳ್ಳುತ್ತಾನೋ ಇಲ್ಲವೋ ಎಂಬ ಬಗ್ಗೆ ಸುಮಾರು ಒಂದು ತಾಸು ಚರ್ಚೆಯಾಯಿತು. ಒಳ್ಳೆಯ ಚರ್ಚೆಯೇ. ವಾಣಿಜ್ಯ ವಿಭಾಗದವರು ಕೂಡ ಮಾತಾಡಿದರು. ಹೇಳಿಕೊಳ್ಳದವರಿಗೆ ಹೆಚ್ಚು ಕ್ರೆಡಿಟ್ ಕೊಡಬೇಕಾದೀತು ಎಂದು ಒಬ್ಬರು ಹೇಳಿದರು. ಹಾಗಾದರೆ ಅರ್ಜಿಯನ್ನೇ ಹಾಕದವರ ಗತಿಯೇನು ಎಂದು ಇನ್ನೊಬ್ಬರು ಕೇಳಿದರು. ಕೊನೆಗೆ ಆದ ತೀರ್ಮಾನ: ಕಸ್ತೂರಿಯ ಅರ್ಜಿಯನ್ನು ಮೇಲ್ಮನವಿ ಎಂದು ಪರಿಗಣಿಸುವುದು, ಹೊರಗಿನಿಂದ ಮೌಲ್ಯಮಾಪಕರೊಬ್ಬರನ್ನು ಕರೆಸಿ, ತಿಕೋಟಾದ ಶೆಡ್ಡಿನಲ್ಲೇ ಪ್ರಾತ್ಯಕ್ಷಿಕೆ ನೋಡುವುದು. ನಾನು ದೂರ ನಿಲ್ಲಬೇಕು.

ಮೌಲ್ಯಮಾಪಕರು ಬಂದದ್ದು ದಸರೆಯ ಆಸುಪಾಸಿನಲ್ಲಿ. ದ್ರಾಕ್ಷಿ ಒಣಗಿಸುವುದು ಬೇಸಿಗೆ ಹತ್ತಿರ ಬಂದಾಗ. ದಸರೆಯಲ್ಲಿ ಶೆಡ್ಡಿನಲ್ಲಿ ಇರುವುದು ಖಾಲಿ ಜಾಳಿಗೆ ಮತ್ತು ಗುಬ್ಬಿಗಳು. ಆದರೆ ಮೌಲ್ಯಮಾಪಕರ ಕಾಗದದಲ್ಲಿ ‘ಕಚ್ಚಾ ಸಾಮಗ್ರಿಯಿಂದ ಸಿದ್ಧ ಉತ್ಪನ್ನದವರೆಗೆ’ ಎಂದಿತ್ತು. ಈರಣ್ಣ ಸಿದ್ಧೇಶ್ವರ ಗುಡಿಯ ಹತ್ತಿರದ ಹಣ್ಣಿನಂಗಡಿಗಳನ್ನೆಲ್ಲ ಸುತ್ತಿ ಎಲ್ಲಿಂದಲೋ ಒಂದು ಕಿಲೋ ದ್ರಾಕ್ಷಿ ಹುಡುಕಿ ತಂದ. ಕಪ್ಪು, ಬೀಜದ ದ್ರಾಕ್ಷಿ. ಕಸ್ತೂರಿ ಚೀಲ ತೆರೆದು ನೋಡಿ ಈರಣ್ಣನ ಮುಖ ನೋಡಿದಳು.

“ಇದನ್ನ ಒಣಗಸಬೇಕೇನ ಯಪ್ಪಾ?”

“ಸಿಕ್ಕದ್ದು ಇದ ನೋಡ್ರಿ ಅಕ್ಕಾರ.”

ನಾನು ದೂರ ನಿಲ್ಲಬೇಕಾದ್ದರಿಂದ ಶೆಡ್ಡಿನ ಆಚೆ ತುದಿಯ ಕಂಬದ ಬಳಿ ನಿಂತಿದ್ದೆ. ಆದರೂ ಮಾತು ಕೇಳಿಸುತ್ತಿತ್ತು. ಕಸ್ತೂರಿ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಶೆಡ್ಡಿಗೆ ಅವಳು ಎಂದೂ ಅಂಥ ಸೀರೆ ಉಟ್ಟು ಬಂದವಳಲ್ಲ. ಗೊಂಚಲು ಬಿಡಿಸಿದಳು, ಕೊಳೆತದ್ದು ತೆಗೆದಳು, ದ್ರಾವಣ ಕಲೆಸಿ ಅದ್ದಿದಳು, ಜಾಳಿಗೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿದಳು. ಆಮೇಲೆ ಕೈ ಒರೆಸಿಕೊಂಡು ನಿಂತಳು.

“ಮುಂದ?” ಎಂದರು ಮೌಲ್ಯಮಾಪಕರು.

“ಮುಂದ ಹದಿನೈದ ದಿನಾ ಕಾಯಬೇಕ್ರಿ. ಥಂಡಿ ಇದ್ರ ಇನ್ನೂ ನಾಕ ದಿನಾ.”

ಅವರು ಕಾಗದ ನೋಡಿದರು. “ಪ್ರಾತ್ಯಕ್ಷಿಕೆಗೆ ಮೂವತ್ತ ನಿಮಿಷ ಕೊಟ್ಟಾರ. ನಿಮಗಿನ್ನ ಹನ್ನೆರಡ ನಿಮಿಷ ಅದಾವ.”

“ಸರ, ಆ ಕಾಗದ ದ್ರಾಕ್ಷಿಗೆ ತೋರಸ್ರಿ. ಅದು ಹ್ಞೂಂ ಅಂದ್ರ ನಂದೇನ ಅಡ್ಡಿ ಇಲ್ಲ.”

ಈರಣ್ಣ ನಕ್ಕುಬಿಟ್ಟ. ಮೌಲ್ಯಮಾಪಕರು ನಗಲಿಲ್ಲ, ಆದರೆ ಕೆಟ್ಟವರೇನಲ್ಲ. ಉಳಿದ ಹನ್ನೆರಡು ನಿಮಿಷ ಎಲ್ಲರೂ ಜಾಳಿಗೆಯ ಸುತ್ತ ನಿಂತು ಹಣ್ಣನ್ನು ನೋಡುತ್ತಿದ್ದರು. ನಡುವೆ ಅವರು ಬಾಯಿ ಪರೀಕ್ಷೆ ಮುಗಿಸಿದರು.

“ದ್ರಾವಣದಾಗ ಎಷ್ಟ ಹೊತ್ತ ಅದ್ದಬೇಕು?”

“ಹಣ್ಣ ನೋಡಿ ರೀ.”

“ಅಂದ್ರ ಎಷ್ಟ ನಿಮಿಷ?”

“ಅದ ರೀ. ಹಣ್ಣ ನೋಡಿ.”

“ಇಲ್ಲಿ ಉತ್ತರದಾಗ ಒಂದ ಅಂಕಿ ಐತ್ರಿ. ಅಂಕಿ ಹೇಳ್ರಿ, ನಾ ಮಾರ್ಕ್ಸ್ ಕೊಡ್ತೀನಿ.”

“ಅಂಕಿ ಹೇಳಿದ್ರ ಹಣ್ಣ ಕೆಡತೈತ್ರಿ. ಹೊಸದಾಗಿ ಬಂದ ಹೆಣ್ಮಕ್ಕಳು ಗಡಿಯಾರ ನೋಡ್ತಾರ. ನಾ ಮೊದಲ ಅದನ್ನ ಬಿಡಸ್ತೇನಿ.”

ಕಂಬದ ಬಳಿ ನಿಂತು ನಾನು ಮನಸ್ಸಿನಲ್ಲೇ, ಒಂದು ಅಂಕಿ ಹೇಳೇ, ಯಾವುದಾದರೂ ಹೇಳೇ ಎನ್ನುತ್ತಿದ್ದೆ. ಅವಳು ಹೇಳಲಿಲ್ಲ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ನಿಯಮ ನನಗೆ ಮಾತ್ರ ಇತ್ತು. ಅವಳು ಅದನ್ನು ನನಗಿಂತ ಚೆನ್ನಾಗಿ ಪಾಲಿಸಿದಳು.

ವರದಿ ಬಂತು. ‘ಅರ್ಜಿದಾರರು ಶ್ರದ್ಧಾವಂತರು. ಉತ್ಪನ್ನ ಸಿದ್ಧವಾಗಿಲ್ಲ. ಪ್ರಮಾಣಗಳ ಬಗ್ಗೆ ಖಚಿತ ಜ್ಞಾನ ಕಂಡುಬಂದಿಲ್ಲ.’ ಅರ್ಧ ಕ್ರೆಡಿಟ್ಟುಗಳು ಸಿಕ್ಕವು, ಡಿಪ್ಲೊಮಾಕ್ಕೆ ಸಾಲಲಿಲ್ಲ. ಉಳಿದದ್ದಕ್ಕೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಎಂದು ಬರೆದಿತ್ತು. ಬೀರಪ್ಪನಿಗೆ ಪೂರ್ತಿ ಸಿಕ್ಕಿತು. ಅವನ ಅರ್ಜಿಯ ಏಳನೆಯ ಕಾಲಮ್ಮು ‘ಹೌದು’ ಎಂದು ಶುರುವಾಗಿತ್ತು, ಪುರಾವೆಯೂ ಮೂಲಪ್ರತಿಯಲ್ಲಿತ್ತು.

ಮುಂದಿನ ವರ್ಷ ಎಲ್ಲವೂ ಕಂಪ್ಯೂಟರಿಗೆ ಬಂತು. ಕಾಗದದ ಅರ್ಜಿ ಹೋಯಿತು, ನನ್ನ ಕೆಂಪು ಪೆನ್ನೂ ಹೋಯಿತು. ಏಳನೆಯ ಕಾಲಮ್ಮಿನ ಜಾಗದಲ್ಲಿ ಕಸುಬುಗಳ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು, ಅದರಲ್ಲಿ ಆರಿಸಬೇಕು. ಆ ಪಟ್ಟಿಯಲ್ಲಿ ಕುರಿ ಇರಲಿಲ್ಲ. ಬೀರಪ್ಪನ ತಮ್ಮನನ್ನು ಈರಣ್ಣ ಕೋಳಿ ಸಾಕಣೆಗೆ ಸೇರಿಸಿದ. ಕೆಲಸ ಮಾಡುವಾಗಿನ ಫೋಟೊ ಹಾಕಿದರೆ ‘ಒಂದಕ್ಕಿಂತ ಹೆಚ್ಚು ಮುಖಗಳಿವೆ’ ಎಂದು ಯಂತ್ರ ತಿರಸ್ಕರಿಸುತ್ತಿತ್ತು. ಕುರಿಗಳಿಲ್ಲದ ಕುರಿಗಾರನ ಫೋಟೊ ತೆಗೆಸಿ ಹಾಕಿದೆವು. ಇದನ್ನೆಲ್ಲ ದೂರಲು ಹೇಳುತ್ತಿಲ್ಲ. ಯಂತ್ರ ಅಕ್ಷರದ ಮುಂದೆ ದೀರ್ಘ ಎಳೆಯುವುದಿಲ್ಲ, ಅಷ್ಟು ಸಾಕು.

ಕಸ್ತೂರಿ ಮತ್ತೆ ಅರ್ಜಿ ಹಾಕಿದಳು. ಈ ಸಲ ಸುಗ್ಗಿಯಲ್ಲಿ ಬಂದು ನೋಡಿದರು, ಒಣಗುವವರೆಗೂ ಕಾದರು, ಉಳಿದ ಕ್ರೆಡಿಟ್ಟುಗಳನ್ನೂ ಕೊಟ್ಟರು. ನನ್ನ ನಿವೃತ್ತಿಯ ತಿಂಗಳಲ್ಲಿ ಅವಳ ಡಿಪ್ಲೊಮಾ ಬಂತು. ಅಷ್ಟರಲ್ಲಿ ಬೋಧಕಿಯ ಜಾಗಕ್ಕೆ ಸೌಮ್ಯಾ ಎಂಬ ಹುಡುಗಿ ಬಂದು ವರ್ಷವಾಗಿತ್ತು. ಅವಳಿಗೆ ಮೊದಲೇ ಡಿಪ್ಲೊಮಾ ಇತ್ತು. ದ್ರಾಕ್ಷಿ ತೋಟ ನೋಡಿದ್ದು ಬಸ್ಸಿನ ಕಿಟಕಿಯಿಂದ. ಒಳ್ಳೆಯ ಹುಡುಗಿ, ಮುಚ್ಚಿಡುವ ಸ್ವಭಾವವಲ್ಲ. ಬಂದ ಮೊದಲ ವಾರವೇ ತರಬೇತಿಯ ಹೆಂಗಸರನ್ನು ಕರೆದುಕೊಂಡು ಕಸ್ತೂರಿಯ ಶೆಡ್ಡಿಗೆ ಹೋಗಿ, “ಅಕ್ಕಾರ, ನನಗೂ ಕೂಡೇ ಹೇಳಿಕೊಡ್ರಿ” ಎಂದಳಂತೆ.

ಕಸ್ತೂರಿ ಹೇಳಿಕೊಟ್ಟಳು. ಈಗಲೂ ಕೊಡುತ್ತಾಳೆ. ವಾರಕ್ಕೆ ಎರಡು ದಿನ ಅದಕ್ಕೆ ‘ಕ್ಷೇತ್ರ ಭೇಟಿ’ ಎಂದು ಹೆಸರು. ಭೇಟಿಯ ಪುಸ್ತಕದಲ್ಲಿ ಮೂರು ಸಹಿ ಬೇಕು: ಬೋಧಕಿಯದು, ಶಿಬಿರಾರ್ಥಿಗಳದು, ಮತ್ತು ‘ಸ್ಥಳದ ಮಾಲೀಕರು ಅಥವಾ ಕಾವಲುಗಾರರು’ ಎಂಬಲ್ಲಿ ಒಂದು. ಕಸ್ತೂರಿ ಆ ಮೂರನೆಯದರಲ್ಲಿ ಸಹಿ ಮಾಡುತ್ತಾಳೆ. ಸೌಮ್ಯಾ ಹೊಸ ಕಾಲಂ ಮಾಡಿಸಬೇಕೆಂದು ಎರಡು ಸಲ ಪತ್ರ ಬರೆದಿದ್ದಾಳೆ. ಡಿಪ್ಲೊಮಾ ಕಸ್ತೂರಿಯ ಟ್ರಂಕಿನಲ್ಲಿದೆ. ಹೆಂಗಸರು ಸೌಮ್ಯಾಳನ್ನು ಟೀಚರ್ ಅನ್ನುತ್ತಾರೆ, ಅವಳನ್ನು ಕಸ್ತೂರಕ್ಕ ಅನ್ನುತ್ತಾರೆ. ‘ಏ’ ಹೋಗಿದೆ ಎಂದು ಅವಳೇ ಹೇಳಿ ನಕ್ಕಳು.

ಇದನ್ನು ಬರೆಯಲು ಕುಳಿತಾಗ, ಅರ್ಜಿಯ ಕೊನೆಯ ದಿನಾಂಕ ಯಾವುದಿತ್ತು ಎಂದು ನೋಡಲು ಆ ವರ್ಷದ ದಿನಚರಿ ತೆಗೆದೆ. ಕೊನೆಯ ದಿನಕ್ಕೆ ಎರಡು ದಿನ ಮೊದಲಿನ ಪುಟದಲ್ಲಿ, ಬಸ್ಸು ಇಪ್ಪತ್ತು ನಿಮಿಷ ತಡ, ಬುತ್ತಿಗೆ ಹೀರೇಕಾಯಿ ಪಲ್ಯ ಎಂಬ ಎರಡು ಸಾಲುಗಳ ನಡುವೆ ಹೀಗೆ ಬರೆದಿದೆ: ‘ಕಸ್ತೂರಿ ಫೋನು. ಅರ್ಜಿಯಲ್ಲಿ ಏನೋ ಕೇಳಬೇಕು ಅಂದಳು. ನನ್ನನ್ನು ಕೇಳುವ ಹಾಗಿಲ್ಲ ಎಂದು ಹೇಳಿ ಇಟ್ಟೆ. ಮನಸ್ಸಿಗೆ ಸಮಾಧಾನ.’

ನನಗೆ ಈ ಫೋನು ನೆನಪಿಲ್ಲ. ಎಷ್ಟು ಪ್ರಯತ್ನಿಸಿದರೂ ಅವಳ ದನಿ ಕೇಳಿಸುವುದಿಲ್ಲ. ನಾನು ಎಲ್ಲಿ ನಿಂತಿದ್ದೆ, ಏನೆಂದೆ, ಅವಳು ಇನ್ನೂ ಮಾತಾಡುತ್ತಿದ್ದಾಗಲೇ ಇಟ್ಟೆನೋ, ಮುಗಿಸಲು ಬಿಟ್ಟೆನೋ, ಯಾವುದೂ ಇಲ್ಲ. ಇರುವುದು ನನ್ನದೇ ಅಕ್ಷರ, ‘ಸಮಾಧಾನ’ ಎಂಬ ಮಾತು. ಏಳನೆಯ ಕಾಲಮ್ಮಿನ ಬಗ್ಗೆಯೇ ಕೇಳಲು ಮಾಡಿದ್ದಳೋ? ಅಚ್ಚಿನಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂದು ನನ್ನನ್ನು ಉಳಿಸಲು ಮಾಡಿದ್ದಳೋ? ಅಥವಾ ಫೋಟೊ ಎಷ್ಟು ಹಚ್ಚಬೇಕು ಎಂದು ಕೇಳುವುದಿತ್ತೋ? ಕೊನೆಯದೇ ಆಗಿರಲಿ ಎಂದು ನಾನು ಬಯಸುತ್ತಿದ್ದೇನೆ, ಆದ್ದರಿಂದ ಅದನ್ನು ನಂಬಲಾರೆ.

ಮರುದಿನ ತಿಕೋಟಾಕ್ಕೆ ಹೋದೆ. ಶೆಡ್ಡಿನಲ್ಲಿ ಅವಳು ಮೇಲಿನ ಜಾಳಿಗೆ ಬಡಿದು ಒಣದ್ರಾಕ್ಷಿ ಕೆಳಗೆ ಉದುರಿಸುತ್ತಿದ್ದಳು, ಏಣಿಯ ಕೆಳಗೆ ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಅವಳು ಇಳಿದು ಬರುವವರೆಗೆ ಕಾದೆ. ದಿನಚರಿಯ ಆ ಪುಟವನ್ನು ತೋರಿಸಿದೆ. ಓದಿದಳು. ಬೆರಳಿಗೆ ಅಂಟಿದ್ದ ಸಿಹಿ ಪುಟಕ್ಕೆ ತಾಗದಂತೆ ಅಂಚಿನಲ್ಲಿ ಹಿಡಿದು ಎರಡು ಸಲ ಓದಿದಳು.

“ಕಸ್ತೂರಿ, ಅವತ್ತ ಏನ ಕೇಳಾಕ ಫೋನ್ ಮಾಡಿದ್ದಿ ಬೇ?”

ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಮತ್ತೆ ಏಣಿ ಹತ್ತಿದಳು. ಆಮೇಲೆ ಮೂರು ಸಲ ಹೋಗಿಬಂದಿದ್ದೇನೆ. ಊಟಕ್ಕೆ ಬಡಿಸುತ್ತಾಳೆ, ಬಸ್ಸಿಗೆ ಕಳಿಸಲು ಬರುತ್ತಾಳೆ, ಬೇರೆ ಎಲ್ಲ ಮಾತಾಡುತ್ತಾಳೆ. ಇದನ್ನು ಮಾತ್ರ ಇನ್ನೂ ಹೇಳಿಲ್ಲ.